ವಾಲ್ಡನ್ ಸರೋವರದ ಮಿತಜೀವಿ

ಅಲ್ಪದಲ್ಲಿ ತೃಪ್ತನಾಗಿ ಮರಗಿಡಗಳ ನಡುವೆ ಕಳೆದ ಬಾಳು ಸಾರ್ಥಕವೆನಿಸೀತೇ? ಈ ಪ್ರಶ್ನೆಯನ್ನು ಸ್ವಂತ ಜೀವನದಲ್ಲಿಯೇ ಪರೀಕ್ಷಿಸಿ ನೋಡಿದವರಲ್ಲಿ ಅಮೆರಿಕದ ಹೆನ್ರಿ ಡೇವಿಡ್ ಥೋರೋ ಸ್ಮರಣೀಯನು.

ಆತನು 1817ರ ಜುಲೈ 12ರಂದು ಮ್ಯಾಸಚೂಸೆಟ್ಸ್ ಪ್ರಾಂತದ ಕಾಂಕರ್ಡ್ ಎಂಬ ಊರಿನಲ್ಲಿ ಜನಿಸಿದನು. ತಂದೆಯು ಪೆನ್ಸಿಲ್ ತಯಾರಿಸುವ ಉದ್ಯಮಿ. 1837ರಲ್ಲಿ ಹಾರ್ವರ್ಡ್ ವಿದ್ಯಾಲಯದ ಪದವಿ ಪಡೆದ ಬಳಿಕ ಅಣ್ಣ ಜಾನ್‌ನೊಡನೆ ಶಾಲೆಯೊಂದನ್ನು ನಡೆಸಿದನು. 1842ರಲ್ಲಿ ಆ ಅಣ್ಣನು ಕ್ಷೌರದ ಕತ್ತಿಯ ಚಿಕ್ಕ ಗಾಯದಿಂದ ಧನುರ್ವಾಯು ತಗುಲಿ ಅಕಾಲದಲ್ಲಿ ತೀರಿಕೊಂಡನು.

1845ರ ಜುಲೈ 4ರಂದು ಥೋರೋ ತನ್ನ ಮಿತ್ರ ಎಮರ್ಸನ್‌ನ ಭೂಮಿಯಲ್ಲಿ, ವಾಲ್ಡನ್ ಸರೋವರದ ದಡದಲ್ಲಿ, ತಾನೇ ಕಟ್ಟಿದ ಕುಟೀರವನ್ನು ಹೊಕ್ಕನು. ಅದರ ಅಗಲ 10 ಅಡಿ, ಉದ್ದ 15 ಅಡಿ. ತಗುಲಿದ ವೆಚ್ಚ 28 ಡಾಲರು 12½ ಸೆಂಟು. ಮೇಜಿನ ಮೇಲಿದ್ದ ಮೂರು ಸುಣ್ಣಕಲ್ಲುಗಳ ಧೂಳನ್ನು ನಿತ್ಯವೂ ಒರೆಸಬೇಕಾಗುವುದೆಂದು ಕಂಡು ಅವನ್ನೂ ಹೊರಗೆಸೆದನು. ಎರಡೂವರೆ ಎಕರೆಯಲ್ಲಿ ಮುಖ್ಯವಾಗಿ ಬೀನ್ಸ್ ಬೆಳೆದನು. ವರ್ಷದಲ್ಲಿ ಸುಮಾರು ಆರು ವಾರ ದುಡಿದರೆ ತನ್ನ ಅಗತ್ಯಗಳೆಲ್ಲ ಪೂರೈಸುವುವೆಂದು ಲೆಕ್ಕವಿಟ್ಟು ಕಂಡುಕೊಂಡನು. ಉಳಿದ ಕಾಲವು ಅಧ್ಯಯನಕ್ಕೂ ಬರವಣಿಗೆಗೂ ವನ್ಯಜೀವಿಗಳ ಅವಲೋಕನಕ್ಕೂ ಮೀಸಲಾಯಿತು.

ಆತನು ಸರೋವರದಲ್ಲಿ ಮೀನು ಹಿಡಿದುದುಂಟೆಂಬುದನ್ನು ಮರೆಮಾಚಲಾಗದು. ಆದರೆ ವರ್ಷಗಳು ಕಳೆದಂತೆ ಆ ಕಾರ್ಯವು ಅವನಿಗೇ ಹೇಯವೆನಿಸತೊಡಗಿತು. ಪ್ರಾಣಿಭಕ್ಷಣವನ್ನು ತೊರೆಯುವತ್ತಲೇ ಮಾನವಕುಲವು ಸಾಗುವುದೆಂಬ ನಂಬಿಕೆಯನ್ನು ತನ್ನ ಗ್ರಂಥದಲ್ಲಿ ಪ್ರಕಟಿಸಿದನು.

ಏಕಾಂತದಲ್ಲಿದ್ದರೂ ಲೋಕದ ಅನ್ಯಾಯಕ್ಕೆ ಆತನು ಕಣ್ಣು ಮುಚ್ಚಲಿಲ್ಲ. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತಲೆಗಂದಾಯ ಕೊಡಲೊಪ್ಪದೆ 1846ರ ಜುಲೈನಲ್ಲಿ ಒಂದು ರಾತ್ರಿ ಸೆರೆಮನೆಯಲ್ಲಿದ್ದನು. ಅಗತ್ಯಗಳು ಅಲ್ಪವಾಗಿದ್ದವನಿಗೆ ಕಳೆದುಕೊಳ್ಳುವ ಭಯವೂ ಅಲ್ಪವಾಗಿತ್ತು. ಈ ಪ್ರಸಂಗದಿಂದ ಮೂಡಿದ ಅವನ ಪ್ರಬಂಧವನ್ನು ಮುಂದೆ ಗಾಂಧೀಜಿಯವರು ಓದಿ ಮೆಚ್ಚಿಕೊಂಡರು.

1847ರ ಸೆಪ್ಟೆಂಬರ್ 6ರಂದು ಆತನು ಕುಟೀರವನ್ನು ಬಿಟ್ಟು ಊರಿಗೆ ಮರಳಿದನು. ಹಾಗಾದರೆ ಆ ಪ್ರಯೋಗವು ಸೋತಿತೇ? ಕಾಲಮಿತಿಯುಳ್ಳದ್ದು ನಿಯಮವೆಂದೂ ಯಾವಜ್ಜೀವವಾದುದು ಯಮವೆಂದೂ ಶ್ರಾವಕರು ಬಲ್ಲರು. ವನವಾಸವು ಆತನಿಗೆ ನಿಯಮದಂತೆ ಮುಗಿಯಿತು. ಮಿತವ್ಯಯವು ಮಾತ್ರ ಕಡೆಯವರೆಗೂ ಉಳಿಯಿತು. ಭೂಮಾಪನದಿಂದ ಬೇಕಾದಷ್ಟನ್ನೇ ಗಳಿಸುತ್ತ, ನಿತ್ಯವೂ ಕಾಡುಮೇಡು ಅಲೆಯುತ್ತ, ಏಳು ವರ್ಷ ಪರಿಷ್ಕರಿಸಿದ 'ವಾಲ್ಡನ್' ಗ್ರಂಥವನ್ನು 1854ರಲ್ಲಿ ಪ್ರಕಟಿಸಿದನು. 1862ರ ಮೇ 6ರಂದು ಕ್ಷಯರೋಗದಿಂದ, 44ನೆಯ ವಯಸ್ಸಿನಲ್ಲಿ, ಶಾಂತಚಿತ್ತನಾಗಿಯೇ ದೇಹವನ್ನು ತ್ಯಜಿಸಿದನು.

ಪರಿಗ್ರಹಪರಿಮಾಣ ವ್ರತವನ್ನು ಕೈಗೊಳ್ಳುವ ಗೃಹಸ್ಥರು ಮನೆಯ ವಸ್ತುಗಳನ್ನು ಎಣಿಸುವಾಗ, ಒಂದೊಂದರ ರಕ್ಷಣೆಗೆ ತಮ್ಮ ಆಯುಷ್ಯದ ಎಷ್ಟು ಹೊತ್ತು ಸಲ್ಲುತ್ತಿದೆಯೆಂಬುದನ್ನೂ ಎಣಿಸಿ ನೋಡುವುದು ಲೇಸು.