ಗಿಡದ ಮೇಷ್ಟ್ರು ಕನ್ನಡಕ್ಕೆ ಬಂದದ್ದು: ಬಿ.ಜಿ.ಎಲ್. ಸ್ವಾಮಿ

ಡಿಗ್ರಿ ಮುಗಿದ ಮೇಲೆ ಏನ್ ಮಾಡ್ತೀಯಾ ಅಂತ ಯಾರಾದ್ರೂ ಕೇಳಿದ್ರೆ ನಾವೆಲ್ಲ ಕೆಲಸದ ಬಗ್ಗೆ ಹೇಳಿ ಸುಮ್ಮನಾಗ್ತೀವಿ. ಚಿತ್ರ ಬರೆಯೋದು ಕಲೀಬೇಕು, ಕನ್ನಡದಲ್ಲಿ ಏನಾದ್ರೂ ಬರೀಬೇಕು ಅನ್ನೋದೆಲ್ಲ ಮನಸ್ಸಲ್ಲೇ ಉಳಿಯುತ್ತೆ. ಮೊದಲು ಥೀಸಿಸ್ ಮುಗೀಲಿ, ವೀಸಾ ಆಗ್ಲಿ, ಆಮೇಲೆ ನೋಡೋಣ! ಈ ‘ಆಮೇಲೆ’ಯ ಮಾತು ಬಂದಾಗೆಲ್ಲ ನನಗೆ ನೆನಪಾಗೋದು ಬಿ.ಜಿ.ಎಲ್. ಸ್ವಾಮಿ. ಓದಿದ್ದು ಸಸ್ಯಶಾಸ್ತ್ರ, ಸಂಬಳ ಬಂದದ್ದು ಸಸ್ಯಶಾಸ್ತ್ರದಿಂದ, ಕನ್ನಡಿಗರು ಇವತ್ತಿಗೂ ನೆನೆಯೋದು ಅವರ ಕನ್ನಡಕ್ಕಾಗಿ.

ಸ್ವಾಮಿಯವರ ತಂದೆ ಡಿ.ವಿ.ಜಿ. ಸ್ವತಃ ಮೆಟ್ರಿಕ್ಯುಲೇಷನ್ ದಾಟದವರು, ಆದರೂ ಕನ್ನಡದ ದೊಡ್ಡ ವಿದ್ವಾಂಸರು. ತಾಯಿ ಬೇಗ ತೀರಿಹೋದರು. ಸಾಹಿತಿಗಳು ಬಂದುಹೋಗುತ್ತಿದ್ದ ಅಂಥ ಮನೆಯಲ್ಲಿ ಬೆಳೆದ ಹುಡುಗ ಸಾಹಿತ್ಯವನ್ನೇ ಓದಬಹುದಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಹಿಡಿದದ್ದು ಗಿಡಗಳ ದಾರಿ. ಆರ್ಕಿಡ್ ಹೂಗಳಲ್ಲಿ ಭ್ರೂಣ ಹೇಗೆ ಬೆಳೆಯುತ್ತೆ ಅನ್ನೋದು ಅವರ ಸಂಶೋಧನೆಯ ವಿಷಯ. ಎಳೆಯ ಹೂವನ್ನು ತೆಳುವಾಗಿ ಸೀಳಿ, ಬಣ್ಣ ಕೊಟ್ಟು, ಮೈಕ್ರೋಸ್ಕೋಪಿನಲ್ಲಿ ನೋಡಿ, ಕಂಡದ್ದನ್ನು ಕೈಯಲ್ಲೇ ಚಿತ್ರಿಸಬೇಕು. ಆ ಕಾಲದಲ್ಲಿ ಕೈಯಲ್ಲಿ ಚಿತ್ರ ಬರೆಯೋಕೆ ಬಾರದವನು ಈ ಶಾಸ್ತ್ರದಲ್ಲಿ ಮುಂದೆ ಹೋಗೋದು ಕಷ್ಟ. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1940ರ ದಶಕದ ಕೊನೆಯಲ್ಲಿ ಅವರೂ ನಮ್ಮ ಹಾಗೇ ಪರದೇಶಕ್ಕೆ ಹೊರಟರು. ಹಾರ್ವರ್ಡ್‌ನಲ್ಲಿ ಪ್ರೊಫೆಸರ್ ಇರ್ವಿಂಗ್ ಬೈಲಿ ಅವರ ಜೊತೆ ಕೆಲಸ. ಹೂಬಿಡುವ ಗಿಡಗಳ ಮರದಲ್ಲಿ ನೀರು ಸಾಗಿಸೋಕೆ ಸಾಮಾನ್ಯವಾಗಿ ವಿಶೇಷ ನಾಳಗಳಿರುತ್ತವೆ. ಸಾರ್ಕಾಂಡ್ರ ಅನ್ನೋ ಕುಲದಲ್ಲಿ ಅವು ಕಾಣುತ್ತಿಲ್ಲ ಅಂತ ಗುರುಶಿಷ್ಯರಿಬ್ಬರೂ ಸೇರಿ 1950ರಲ್ಲಿ ಬರೆದರು. ಆ ಕುಲದ ದಕ್ಷಿಣ ಭಾರತದ ಒಂದು ಗಿಡಕ್ಕೆ ಸ್ವಾಮಿ ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಅಂತ ಗುರುವಿನ ಹೆಸರನ್ನೇ ಇಟ್ಟರು. ಗೈಡ್‌ಗೆ ನಾವು ಥೀಸಿಸ್ಸಿನ ಮೊದಲ ಪುಟದಲ್ಲಿ ಎರಡು ಸಾಲು ಥ್ಯಾಂಕ್ಸ್ ಬರೆದು ಕೈತೊಳೆದುಕೊಳ್ತೀವಿ, ಅಲ್ವಾ? ಈ ದಿನಗಳ ಅನುಭವಕ್ಕೆ ‘ಅಮೆರಿಕದಲ್ಲಿ ನಾನು’ ಅನ್ನೋ ಪುಸ್ತಕವೇ ಇದೆ.

ವಾಪಸ್ ಬಂದಮೇಲೆ 1953ರಲ್ಲಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲೇ ಪ್ರಾಧ್ಯಾಪಕ, ಅಲ್ಲೇ ಪ್ರಿನ್ಸಿಪಾಲ್. ಸುತ್ತ ತಮಿಳು, ಕೆಲಸವೆಲ್ಲ ಇಂಗ್ಲಿಷಿನಲ್ಲಿ, ಸಂಶೋಧನಾ ಲೇಖನಗಳು ನೂರಾರು. ಕನ್ನಡ ಬರೆಯಲೇಬೇಕು ಅನ್ನೋ ಒತ್ತಾಯ ಎಲ್ಲಿಂದಲೂ ಇರಲಿಲ್ಲ. ಬರೆದರೆ ಬಡ್ತಿಯೂ ಸಿಗುತ್ತಿರಲಿಲ್ಲ.

ಆದರೂ ಬರೆದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮಘಟ್ಟದಲ್ಲಿ ಗಿಡ ಹುಡುಕುತ್ತಾ ಅಲೆದದ್ದು ಅವರ ಪಾಠದ ಭಾಗ. ಅದೇ ‘ಹಸುರು ಹೊನ್ನು’ ಆಯ್ತು. ಅದರಲ್ಲಿ ಗಿಡದ ಲಕ್ಷಣವಿದೆ, ಹೆಸರಿನ ಹಿಂದಿನ ಕಥೆಯಿದೆ, ಹಳೆಯ ಕಾವ್ಯದಲ್ಲಿ ಆ ಗಿಡ ಎಲ್ಲಿ ಬರುತ್ತೆ ಅನ್ನೋದಿದೆ, ನಡುವೆ ಹುಡುಗರ ತರಲೆಯೂ ಇದೆ. ಚಿತ್ರಗಳು ಸ್ವಾಮಿಯವರದೇ! ಮೈಕ್ರೋಸ್ಕೋಪಿನ ಮುಂದೆ ಪಳಗಿದ ಕೈ ಇಲ್ಲಿ ಕಾಡಿನ ಮರ ಬರೆದಿದೆ. ಹವ್ಯಾಸ ಅಂದ್ರೆ ಓದಿದ್ದನ್ನು ಮರೆಯೋಕೆ ಮಾಡೋ ಬೇರೆ ಏನೋ ಕೆಲಸ ಅಂತ ನಾನು ಅಂದ್ಕೊಂಡಿದ್ದೆ. ಸ್ವಾಮಿಯವರಲ್ಲಿ ಹಾಗಾಗಲಿಲ್ಲ. ಶಾಸನ ಓದೋ ಹುಚ್ಚು ಹತ್ತಿದಾಗಲೂ ಅವರು ಅಲ್ಲಿ ಹುಡುಕಿದ್ದು ಗಿಡಗಳನ್ನೇ. ‘ಶಾಸನಗಳಲ್ಲಿ ಗಿಡಮರಗಳು’ ಅಂತ ಪುಸ್ತಕ ಬಂತು.

ಎಲ್ಲವೂ ಗಿಡವೇ ಅಂತಲೂ ಅಲ್ಲ. ‘ಕಾಲೇಜು ರಂಗ’ದಲ್ಲಿ ಕಾಲೇಜುಗಳ ಒಳಗಿನ ರಾಜಕೀಯಕ್ಕೆ ಚೆನ್ನಾಗಿ ಬಿಸಿ ಮುಟ್ಟಿಸಿದ್ದಾರೆ. ನಮ್ಮ ಡಿಪಾರ್ಟ್‌ಮೆಂಟಿನ ಮೀಟಿಂಗುಗಳನ್ನು ನೋಡಿದ ಮೇಲೆ ಓದಿದರೆ ಇನ್ನೂ ಮಜಾ. ‘ತಮಿಳು ತಲೆಗಳ ನಡುವೆ’ಯಲ್ಲಿ ಮದ್ರಾಸಿನ ವಿದ್ವಾಂಸರ ಜೊತೆ ಪ್ರಾಚೀನತೆಯ ಬಗ್ಗೆ ಜಗಳವಾಡಿದ್ದಾರೆ. ಅಲ್ಲಿ ಅವರ ವ್ಯಂಗ್ಯ ಕೆಲವು ಕಡೆ ಅತಿಯಾಯ್ತು ಅಂತ ನನಗನ್ನಿಸುತ್ತೆ. ತಮಿಳು ಗೆಳೆಯರ ಜೊತೆ ರೂಮ್ ಹಂಚಿಕೊಂಡವರು ಓದುವಾಗ ಸ್ವಲ್ಪ ಜೋಪಾನ.

ಗಮನಿಸಬೇಕಾದ್ದು ವರ್ಷಗಳನ್ನು. ಡಿ.ವಿ.ಜಿ. ತೀರಿಕೊಂಡದ್ದು 1975ರ ಅಕ್ಟೋಬರಿನಲ್ಲಿ. ‘ಹಸುರು ಹೊನ್ನು’ ಪುಸ್ತಕವಾಗಿ ಬಂದದ್ದು 1976ರಲ್ಲಿ. 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದ ಅಪ್ಪನಿಗೆ, ಅದೇ ಪ್ರಶಸ್ತಿ 1978ರಲ್ಲಿ ಮಗನಿಗೆ ಬಂದದ್ದನ್ನು ನೋಡೋ ಭಾಗ್ಯ ಇರಲಿಲ್ಲ. ಅಷ್ಟು ಹೊತ್ತಿಗೆ ಸ್ವಾಮಿಯವರಿಗೂ ನಿವೃತ್ತಿಯ ವಯಸ್ಸು. ‘ಆಮೇಲೆ ನೋಡೋಣ’ ಅಂದುಕೊಳ್ಳುವ ನಮಗೆ ಇದು ಸಮಾಧಾನದ ಸುದ್ದಿ ಅನ್ನಿಸಬಹುದು. ಆದರೆ ಅವರ ಪೆನ್ನು, ಪೆನ್ಸಿಲ್ಲು, ಕಾಡಿನ ಓಡಾಟ ಯಾವುದೂ ಆ ಮೂವತ್ತು ವರ್ಷ ನಿಂತಿರಲಿಲ್ಲ.

ಆಮೇಲೆ ಸಿಕ್ಕ ಸಮಯವೂ ಕಡಿಮೆಯೇ. 1978ರಲ್ಲೇ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಬಂತು. ನಮ್ಮದೇ ಅಂತ ನಾವು ನಂಬಿರೋ ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಎಲ್ಲವೂ ಸಮುದ್ರ ದಾಟಿ ಬಂದ ಕಥೆ ಅದು. ಕೊನೆಯ ದಿನಗಳ ಮೈಸೂರು ವಿಶ್ವವಿದ್ಯಾಲಯದ ಅನುಭವ ‘ಮೈಸೂರು ಡೈರಿ’ಯಲ್ಲಿದೆ. 1980ರ ನವೆಂಬರ್ 2ರಂದು ಸ್ವಾಮಿ ತೀರಿಕೊಂಡರು. ಅವರು ಗುರುವಿಗೆ ಕೊಟ್ಟ ಗಿಡದ ಹೆಸರನ್ನು ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಪೂರ್ತಿಯಾಗಿ ಬರೆದರೆ, ವಾಡಿಕೆಯಂತೆ ಕೊನೆಯಲ್ಲಿ ಹೆಸರಿಟ್ಟವರ ಹೆಸರೂ ಇರುತ್ತೆ: ಸ್ವಾಮಿ.