ಲಕ್ಕಮ್ಮ ಮರಳಿಸಿದ ಅಕ್ಕಿ

ಹದಮಳೆ ಬಿದ್ದ ಮರುದಿನ ನಮ್ಮ ಸೊಕ್ಕೆಯ ಸೀಮೆಯಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡವನ ಮನೆಯ ಮುಂದೆ ಜನ ಸೇರುವುದನ್ನು ಸದ್ಭಕ್ತರೆಲ್ಲ ಬಲ್ಲರು. ಬಂದವರಿಗೆಲ್ಲ ಅವನು ನಾಳೆ ಬರುತ್ತೇನೆಂದೇ ಹೇಳುತ್ತಾನೆ. ಎಲ್ಲರೂ ನಮ್ಮವರೇ, ಯಾರನ್ನು ಬಿಡುವುದು ಎಂಬ ದಾಕ್ಷಿಣ್ಯ. ಬಾಡಿಗೆಯ ಆಸೆಯೂ ತುಸು ಇದ್ದೀತು. ಅಷ್ಟರಲ್ಲಿ ಹದ ತಪ್ಪುತ್ತದೆ. ಕೊನೆಯ ಮನೆಯ ಬೀಜ ಚೀಲದಲ್ಲಿಯೇ ಉಳಿಯುತ್ತದೆ. ಮೊದಲ ದಿನವೇ ಆಗದು ಎಂದಿದ್ದರೆ ಆ ರೈತ ಎತ್ತು ಕಟ್ಟಿ ಕೂರಿಗೆಯನ್ನಾದರೂ ಹೂಡುತ್ತಿದ್ದ. ಮೂರು ಮನೆಯ ಮುಂಗಡ ಹಿಡಿದು ಒಂದನ್ನೂ ಮುಗಿಸದ ಗೌಂಡಿಯ ಕಥೆಯೂ ಇದೇ.

ಆಗದು ಎಂಬ ಮಾತನ್ನು ಆಡಬಲ್ಲ ತಾಯಿಯೊಬ್ಬಳು 12ನೇ ಶತಮಾನದ ಕಲ್ಯಾಣದಲ್ಲಿದ್ದಳು. ಆಯ್ದಕ್ಕಿ ಲಕ್ಕಮ್ಮ ಮತ್ತು ಅವಳ ಪತಿ ಮಾರಯ್ಯ ಇಂದಿನ ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಬಸವಣ್ಣನವರ ಕೀರ್ತಿಯನ್ನು ಕೇಳಿ ಕಲ್ಯಾಣಕ್ಕೆ ಬಂದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮರಿಗೆ ನೀಡಿ, ಪ್ರಸಾದವನ್ನು ತಾವು ಸೇವಿಸುವುದು ಆ ದಂಪತಿಗಳ ನೇಮ. ನಾಳೆಗೆಂದು ಕೂಡಿಡುವ ಗಡಿಗೆ ಆ ಮನೆಯಲ್ಲಿರಲಿಲ್ಲ.

ಒಮ್ಮೆ ಮಾರಯ್ಯ ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತ. ಕಾಯಕದ ಹೊತ್ತು ಮೀರುತ್ತಿದೆಯೆಂದು ನೆನಪಿಸಿ ಎಬ್ಬಿಸಿದವಳು ಲಕ್ಕಮ್ಮನೇ. ಅವಸರದಲ್ಲಿ ಹೋದವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದ. ಅವರನ್ನು ಪರೀಕ್ಷಿಸಲೆಂದು ಬಸವಣ್ಣನವರೇ ಅಂದು ಹೆಚ್ಚು ಚೆಲ್ಲಿಸಿದ್ದರೆಂದೂ ಹೇಳುವುದುಂಟು. ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ. ನಿತ್ಯದ ಅಳತೆಗೆ ಮೀರಿದ್ದು ತಮ್ಮದಲ್ಲ, ಅದನ್ನು ತಂದಲ್ಲಿಯೇ ಸುರಿದು ಬರಬೇಕೆಂದಳು. ಮಾರಯ್ಯ ಹೋಗಿ ಸುರಿದು ಬಂದ.

ಇಲ್ಲಿ ಕಳವಿಲ್ಲ, ಮೋಸವಿಲ್ಲ ಎಂಬುದನ್ನು ಗಮನಿಸಬೇಕು. ಚೆಲ್ಲಿದ್ದು ಮಹಾಮನೆಯ ಅಕ್ಕಿ, ತಂದವನು ಗಂಡ, ಸಲ್ಲುವುದು ದಾಸೋಹಕ್ಕೆ. ಕೆಟ್ಟದ್ದನ್ನು ಒಲ್ಲೆನೆನ್ನಲು ಎಲ್ಲರಿಗೂ ಬಾಯಿ ಬರುತ್ತದೆ. ದೊಡ್ಡವರು ಪ್ರೀತಿಯಿಂದ ಕೊಟ್ಟದ್ದನ್ನು, ಅದೂ ಬಡತನವಿರುವಾಗ, ಹಿಂದಕ್ಕೆ ಕಳುಹಿಸುವುದು ಕಷ್ಟ. ಲಕ್ಕಮ್ಮನಿಗೆ ಅದು ಸಾಧ್ಯವಾದದ್ದು ತನ್ನ ಮಡಕೆಯ ಅಳತೆ ಅವಳಿಗೆ ತಿಳಿದಿದ್ದರಿಂದ ಎಂದು ನಮಗೆ ತೋರುತ್ತದೆ. ಮೈಗಳ್ಳತನದಿಂದ ಬಂದ ನಿರಾಕರಣೆಯೂ ಅದಲ್ಲ; ಕೆಲಸಕ್ಕೆ ಎಬ್ಬಿಸಿ ಕಳುಹಿಸಿದವಳೂ ಅವಳೇ ಅಲ್ಲವೇ?

ಈ ವಿಷಯದಲ್ಲಿ ನಾವೂ ತಪ್ಪಿದವರೇ. ಹಿಂದೊಮ್ಮೆ ಒಂದೇ ದಿನ ಎರಡು ಊರಿನ ಭಕ್ತರಿಗೆ ಪಾದಪೂಜೆಗೆ ಬರುವೆವೆಂದು ಒಪ್ಪಿಕೊಂಡಿದ್ದೆವು. ಯಾರ ಮನವನ್ನೂ ನೋಯಿಸಬಾರದೆಂಬ ಎಣಿಕೆ ನಮ್ಮದು. ಎರಡನೆಯ ಊರನ್ನು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬೆಳಗಿನಿಂದ ಬಾಯಿಗೆ ನೀರು ಹಾಕದೆ ಕಾದಿದ್ದ ಮುದುಕಿಯೊಬ್ಬಳು ಒಂದು ಮಾತೂ ಆಡದೆ ನಮ್ಮ ಪಾದಕ್ಕೆ ನೀರೆರೆದಳು. ಅವಳ ಕೈ ನಡುಗುತ್ತಿತ್ತು. ನಮಗೆ ತಲೆ ಎತ್ತಲಾಗಲಿಲ್ಲ.

ಮುಂದೆ ಅದೇ ಹಿಡಿ ಅಕ್ಕಿಯಲ್ಲಿ ಲಕ್ಕಮ್ಮ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದಳೆಂದು ಪರಂಪರೆ ಹೇಳುತ್ತದೆ. ಈ ದಂಪತಿಗಳ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬಂದಿದೆ. ಮಾರಯ್ಯನಿಗೆ ಕೈಲಾಸದ ಬಯಕೆ ಹುಟ್ಟಿದಾಗಲೂ ಲಕ್ಕಮ್ಮ ಒಪ್ಪಲಿಲ್ಲ. ಅಲ್ಲಿಗೆ ಹೋಗಿ ಪಡೆಯುವುದೇನಿದೆ ಎಂದು ಗಂಡನನ್ನೇ ತಿದ್ದಿದಳು. ಅವಳ ಸುಮಾರು 25 ವಚನಗಳು ನಮಗೆ ದೊರೆತಿವೆ. ಅವುಗಳ ಅಂಕಿತದಲ್ಲಿ ಅಮರೇಶ್ವರಲಿಂಗಕ್ಕಿಂತ ಮೊದಲು ಬರುವ ಹೆಸರು, ಅಕ್ಕಿಯ ಸಮೇತ ಅವಳು ಹಿಂದಕ್ಕೆ ಕಳುಹಿಸಿದ ಆ ಮಾರಯ್ಯನದೇ.