ಏರುದಾರಿಯ ಹಿರಿಯ ವೆಲೋಸಿಯೊ

ನಾಗಮಂಗಲದ ಕೆಮ್ಮಣ್ಣಿನ ದಿಣ್ಣೆಗಳನ್ನೂ ಪಾಂಡವಪುರ, ಶ್ರೀರಂಗಪಟ್ಟಣಗಳ ನಾಲೆಯ ಏರಿಗಳನ್ನೂ ಬೈಸಿಕಲ್ಲಿನ ಮೇಲೆ ಕಂಡವರು ಎರಡು ತೊಡಕುಗಳನ್ನು ಬಲ್ಲರು: ಒಂದು ಏರು, ಇನ್ನೊಂದು ಕೆಸರು. ಏರಿನ ಆಯಾಸವನ್ನು ತಗ್ಗಿಸಲು ಹುಟ್ಟಿದ್ದು ಗೇರು. ಆ ಗೇರನ್ನು ಲೋಕ ಒಪ್ಪುವಂತೆ ಮಾಡಲು ತನ್ನ ಬಾಳನ್ನೇ ಸವೆಸಿದ ಒಬ್ಬ ಹಿರಿಯನ ಕಥೆಯನ್ನು ಇಲ್ಲಿ ಹೇಳಬಯಸುತ್ತೇನೆ.

ಆತನ ಹೆಸರು ಪೋಲ್ ದ ವಿವೀ. ವೆಲೋಸಿಯೊ ಎಂಬುದು ಕಾವ್ಯನಾಮದಂತೆ ಆತ ಧರಿಸಿದ ಹೆಸರು. ಫ್ರಾನ್ಸಿನ ದಕ್ಷಿಣದ ಪೆರ್ನ್ ಎಂಬ ಊರಿನಲ್ಲಿ 1853ರಲ್ಲಿ ಜನಿಸಿದ ಇವರು ರೇಷ್ಮೆಯ ವ್ಯಾಪಾರಸ್ಥರಾಗಿದ್ದರು. ಮೂವತ್ತರ ಹತ್ತಿರದಲ್ಲಿ, 1881ರಲ್ಲಿ, ಒಂದು ಎತ್ತರದ ಚಕ್ರದ ಬೈಸಿಕಲ್ಲನ್ನು ಕೊಂಡರು. ಅಲ್ಲಿಂದ ಮುಂದೆ ರೇಷ್ಮೆಯಲ್ಲಿ ಮನಸ್ಸು ನಿಲ್ಲಲಿಲ್ಲ. 1887ರಲ್ಲಿ ಆ ವ್ಯಾಪಾರವನ್ನು ಬಿಟ್ಟು ಸೇಂತ್ ಎತಿಯೆನ್ ಪಟ್ಟಣದಲ್ಲಿ ಬೈಸಿಕಲ್ ಅಂಗಡಿ ತೆರೆದರು. ಅದೇ ವರ್ಷ ಪತ್ರಿಕೆಯೊಂದನ್ನೂ ಆರಂಭಿಸಿದರು. ನೆಲೆಯಾದ ಬದುಕನ್ನು ಬಿಟ್ಟು ಅನಿಶ್ಚಿತವನ್ನು ಹಿಡಿಯುವುದಕ್ಕೆ ಎಂಥ ಎದೆ ಬೇಕು!

ಆ ಪಟ್ಟಣದ ಸುತ್ತ ಬೆಟ್ಟಗಳು. ಒಂದೇ ಅಳತೆಯ ಚಕ್ರದಿಂದ ಇಳಿಜಾರನ್ನೂ ಏರನ್ನೂ ಸುಖವಾಗಿ ತುಳಿಯಲಾಗದೆಂಬುದು ಅವರಿಗೆ ಅನುಭವದಿಂದ ತಿಳಿಯಿತು. ಮೊದಮೊದಲು ಎರಡು ಹಲ್ಲುಚಕ್ರಗಳನ್ನಿಟ್ಟು, ಸರಪಳಿಯನ್ನು ಕೈಯಿಂದಲೇ ಎತ್ತಿ ಬದಲಿಸುತ್ತಿದ್ದರು. ಬಳಿಕ ಸಂಚಾರದಲ್ಲಿಯೇ ಬದಲಾಗುವ ಸಾಧನಗಳಿಗಾಗಿ ಪ್ರಯೋಗ ನಡೆಸಿದರು. ಆದರೆ ಅಂದಿನ ಪಂದ್ಯಪ್ರಭುಗಳಿಗೆ ಇದು ಪೌರುಷಕ್ಕೆ ಕುಂದಾಗಿ ಕಂಡಿತು. 1903ರಲ್ಲಿ ಫ್ರಾನ್ಸಿನ ಮಹಾಪಂದ್ಯವನ್ನು ಆರಂಭಿಸಿದ ಹೆನ್ರಿ ದೆಗ್ರಾಂಜ್, ಗೇರು ವೃದ್ಧರ ಪಾಲಿನದೆಂದು ಹಳಿದವರು. ಇದಕ್ಕೆ ಮುನ್ನವೇ, 1902ರಲ್ಲಿ, ಬೆಟ್ಟದ ಹಾದಿಯ ಸ್ಪರ್ಧೆಯೊಂದರಲ್ಲಿ ವೆಲೋಸಿಯೊ ಅವರ ಮೂರು ಗೇರಿನ ಬೈಸಿಕಲ್ಲನ್ನೇರಿದ ಮಾರ್ತ್ ಹೆಸ್ ಎಂಬ ಮಹಿಳೆ ಒಂದೇ ಗೇರಿನ ಹೆಸರಾಂತ ಸವಾರನನ್ನು ಹಿಂದಿಕ್ಕಿದ್ದಳು. ಪ್ರಮಾಣ ಕಣ್ಣೆದುರಿಗಿದ್ದರೂ ಅಭಿಮಾನ ಕಣ್ಣು ಮುಚ್ಚಿಕೊಂಡಿತು. ಪಂದ್ಯದವರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರವನ್ನು ಬಿಚ್ಚಿ ತಿರುಗಿಸಿ, ಬೇರೆ ಹಲ್ಲುಚಕ್ರಕ್ಕೆ ಸರಪಳಿ ಹಾಕಿಕೊಳ್ಳುತ್ತಿದ್ದರು! ಆ ಪಂದ್ಯದಲ್ಲಿ ಗೇರಿಗೆ ಸಂಪೂರ್ಣ ಅನುಮತಿ ದೊರೆತುದು 1937ರಲ್ಲಿ.

ಆಕ್ಷೇಪಕ್ಕೆ ಕಿಂಚಿತ್ ಆಧಾರವೂ ಇತ್ತೆಂಬುದನ್ನು ಒಪ್ಪಬೇಕು. ಇಂಗ್ಲೆಂಡಿನ ಗೇರು ಚಕ್ರದ ಗುಬ್ಬದೊಳಗೆ ಭದ್ರವಾಗಿದ್ದರೆ, ಸರಪಳಿಯನ್ನು ಸರಿಸುವ ಗೇರು ಧೂಳು ಕೆಸರುಗಳಿಗೆ ತೆರೆದಿತ್ತು. ಈ ದೌರ್ಬಲ್ಯ ಇಂದಿಗೂ ಪೂರ್ತಿ ಹೋಗಿಲ್ಲ. ಕಾಲೇಜಿಗೆ ಗೇರಿನ ಬೈಸಿಕಲ್ಲಿನಲ್ಲಿ ಬರುವ ನನ್ನ ವಿದ್ಯಾರ್ಥಿಗಳು ಮಳೆಗಾಲದಲ್ಲಿ ಗೇರು ಕೂರದೆಂದು ಗೊಣಗುವುದುಂಟು. ಎಷ್ಟೋ ಬೈಸಿಕಲ್ಲುಗಳಲ್ಲಿ ಗೇರಿನ ತಂತಿ ಪೆಡಲಿನ ಅಚ್ಚಿನ ಅಡಿಯಲ್ಲಿ ಹಾಯುತ್ತದೆ. ಮುಂಚಕ್ರ ಎರಚುವ ಕೆಸರು ನೇರವಾಗಿ ಅಲ್ಲಿಗೇ ಬೀಳುತ್ತದೆ. ಮಣ್ಣು ಒಣಗಿ ಕಚ್ಚಿದೊಡನೆ ತಂತಿ ಬಿಗಿಯುತ್ತದೆ, ಅದನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಸೋಲುತ್ತದೆ. ತಂತಿಯನ್ನು ಮೇಲಿನ ಬಾರಿನ ಗುಂಟ ಒಯ್ದು, ಸೀಟಿನ ಬಳಿಯಿಂದ ಕೆಳಗಿಳಿಸಿ, ಉದ್ದಕ್ಕೂ ಒಂದೇ ಹೊದಿಕೆಯನ್ನು ತೊಡಿಸಿದರೆ ಈ ಪೀಡೆ ಬಹುಮಟ್ಟಿಗೆ ತಪ್ಪುತ್ತದೆ. ತಿರುವುಗಳು ಮಾತ್ರ ತೀರ ಬಿಗಿಯಾಗಬಾರದು. ಮುಂದಿನ ಗೇರು ಕೆಳಗಿನಿಂದ ಎಳೆಯುವ ಬಗೆಯದಾದರೆ ಒಂದು ಪುಟ್ಟ ರಾಟೆಯೂ ಬೇಕಾದೀತು. ಹೊಸದನ್ನು ಹಳಿಯುವುದಕ್ಕಿಂತ ಅದರ ಕೊರತೆಯನ್ನು ತಿದ್ದುವುದೇ ಲೇಸೆಂಬ ವೆಲೋಸಿಯೊ ಅವರ ಮನೋಧರ್ಮಕ್ಕೆ ಇದು ಒಪ್ಪುವ ಕೆಲಸ.

ಅವರು ಸಸ್ಯಾಹಾರಿ; ಧೂಮಪಾನವನ್ನು ತ್ಯಜಿಸಿದವರು; ಎಸ್ಪರಾಂಟೊ ಭಾಷೆಯ ಅಭಿಮಾನಿ. ಹಸಿವು ಕಾಣುವ ಮೊದಲೇ ಉಣ್ಣಬೇಕು, ತೀರ ಬಳಲುವವರೆಗೆ ಸಾಗಬಾರದು, ಮೆರೆತಕ್ಕಾಗಿ ತುಳಿಯಬಾರದು ಎಂಬುದು ಅವರ ಬೋಧೆಯ ಸಾರ. 1922ರಿಂದ ಅವರ ಗೌರವಾರ್ಥ ಸವಾರರು ಊರಿನ ಬಳಿಯ ಗ್ರಾಂ ಬ್ವಾ ಕಣಿವೆಯನ್ನು ಏರತೊಡಗಿದರು.

1930ರ ಫೆಬ್ರವರಿ 27ರಂದು, ಬೀದಿಯಲ್ಲಿ ಕಾರೊಂದನ್ನು ತಪ್ಪಿಸಿಕೊಳ್ಳಲು ಸರಿದಾಗ, ಟ್ರಾಮು ಬಡಿದು ಅವರು ಮೃತರಾದರು. ಆಗ ವಯಸ್ಸು 76. ಪಂದ್ಯದ ಜಗತ್ತು ತಮ್ಮ ಮಾತನ್ನು ಒಪ್ಪಿದ್ದನ್ನು ನೋಡಲು ಅವರಿಗೆ ಇನ್ನೂ ಏಳು ವರ್ಷ ಬೇಕಿತ್ತು. ಶ್ರಮವನ್ನು ಹಗುರ ಮಾಡಿಕೊಳ್ಳುವುದು ಹೇಡಿತನವಲ್ಲ. ಉಳಿದ ಶಕ್ತಿಯಿಂದ ಇನ್ನಷ್ಟು ದೂರ ಸಾಗಬಹುದು. ಮೇಲುಕೋಟೆಯ ಏರಿನಲ್ಲಿ ಬೆವರೊರೆಸಿಕೊಳ್ಳುತ್ತ ಗೇರು ಬದಲಿಸುವ ತರುಣನು ಅರಿಯದೆಯೇ ಅವರಿಗೆ ಋಣಿಯಾಗಿದ್ದಾನೆ.